ನಾರ್ಮಂಡಿಯ ಆ ಪುಟ್ಟ ದೋಣಿಗಳು ಎಲ್ಲಿಂದ ಬಂದವು? ಒಂದು ಹಡಗಿನ 25 ವರ್ಷ

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ ಫ್ರಾನ್ಸಿನ ನಾರ್ಮಂಡಿ ಕರಾವಳಿಯ ಮೇಲೆ ನಡೆದ ದಾಳಿಯ ಫೋಟೊಗಳಲ್ಲಿ ಮುಂಭಾಗದ ಹಲಗೆ ಕೆಳಗೆ ಬಿದ್ದು, ಸೈನಿಕರು ನೀರಿಗೆ ಇಳಿಯುವ ಚಿಕ್ಕ ದೋಣಿಗಳನ್ನು ನೋಡಿದ್ದೇನೆ. ಅಷ್ಟು ಸಣ್ಣ ದೋಣಿಗಳು ಇಂಗ್ಲೆಂಡಿನಿಂದ ಕಡಲು ದಾಟಿ ಬಂದಿರಲಿಕ್ಕಿಲ್ಲ ಅಲ್ವಾ? ಅವನ್ನು ತಂದ ಹಡಗುಗಳು ಎಂಥವು? ಸೈನಿಕರನ್ನು ಇಳಿಸಿದ ಮೇಲೆ ಆ ಹಡಗುಗಳಿಗೆ ಕೆಲಸ ಮುಗಿಯಿತಾ? ಯಾವುದಾದರೂ ಒಂದು ಹಡಗಿನ ಪೂರ್ತಿ ಕತೆ ಹೇಳಬಹುದಾ? ಅಂಥದ್ದು ನಮ್ಮ ನೌಕಾಪಡೆಯಲ್ಲಿ ಇದೆಯಾ?

ಉತ್ತರ: ನಿಮ್ಮ ಊಹೆ ಸರಿ. ಆ ದೋಣಿಗಳಲ್ಲಿ ಬಹಳಷ್ಟು ದೊಡ್ಡ ಹಡಗುಗಳ ಬದಿಯಲ್ಲಿ ತೂಗುತ್ತಾ, ಡೆಕ್ಕಿನ ಮೇಲೆ ಕೂತು ಬಂದವು. ದಡ ಇನ್ನೂ ಸುಮಾರು 20 ಕಿಲೋಮೀಟರ್ ದೂರ ಇದ್ದಾಗ ಅವನ್ನು ನೀರಿಗೆ ಇಳಿಸಿದರು. ಅವನ್ನು ಹೊತ್ತು ತಂದ ಹಡಗುಗಳಿಗೆ ಅಮೆರಿಕದ ನೌಕಾಪಡೆ ಅಟ್ಯಾಕ್ ಟ್ರಾನ್ಸ್‌ಪೋರ್ಟ್ ಎಂದು ಹೆಸರಿಟ್ಟಿತ್ತು. ಪಟ್ಟಿಯಲ್ಲಿ ಅವುಗಳ ಗುರುತು ಎಪಿಎ. ಸೈನಿಕರನ್ನು ಸಾಗಿಸುವ ಮಾಮೂಲಿ ಹಡಗಿಗೆ ಬಂದರು ಬೇಕು, ಧಕ್ಕೆ ಬೇಕು. ಇದಕ್ಕೆ ಎರಡೂ ಬೇಡ. ಶತ್ರುವಿನ ಕೈಯಲ್ಲಿರುವ ಬರೀ ಮರಳ ದಂಡೆಯ ಎದುರು ನಿಂತು, ತನ್ನದೇ ದೋಣಿಗಳಲ್ಲಿ ಇಡೀ ಬೆಟಾಲಿಯನ್ನನ್ನು ಇಳಿಸಬಲ್ಲದು.

ಒಂದೇ ಹಡಗಿನ ಕತೆ ಅಂದರೆ ನಾನು ಬೇಫೀಲ್ಡ್ ಅನ್ನೇ ಆರಿಸುತ್ತೇನೆ. ಪೂರ್ತಿ ಹೆಸರು ಯುಎಸ್ಎಸ್ ಬೇಫೀಲ್ಡ್, ಸಂಖ್ಯೆ ಎಪಿಎ-33. ಅದು ಯುರೋಪ್ ಮತ್ತು ಪೆಸಿಫಿಕ್ ಎರಡೂ ಕಡೆ ದುಡಿಯಿತು. ಮುಂದೆ ವಿಯೆಟ್ನಾಮ್ ತನಕ ಹೋಯಿತು. ಇಂಥ ಹಡಗಿನ ನಿಜವಾದ ಬೆಲೆ ಎಲ್ಲಿದೆ ಅನ್ನುವುದು ಅದರ ಮೇಲೆ ನಡೆದ ಒಂದು ಮಧ್ಯಾಹ್ನದ ತೀರ್ಮಾನದಿಂದ ಗೊತ್ತಾಗುತ್ತದೆ.

ಬೇಫೀಲ್ಡ್ ಹುಟ್ಟಿದ್ದು ಯುದ್ಧದ ಹಡಗಾಗಿ ಅಲ್ಲ. 1942ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದರ ಕಟ್ಟಡ ಶುರುವಾದಾಗ ಅದು ಸರಕು ಹಡಗು, ಹೆಸರು ಸೀ ಬಾಸ್. 1943ರ ಫೆಬ್ರುವರಿಯಲ್ಲಿ ನೀರಿಗೆ ಇಳಿಯಿತು. ಆಮೇಲೆ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಕರೆದೊಯ್ದು ಬದಲಾಯಿಸಿದರು. ಸರಕಿನ ಜಾಗದಲ್ಲಿ ಸಾಲು ಸಾಲು ಮಲಗುವ ಹಾಸುಗೆ, ಆಪರೇಷನ್ ಕೋಣೆ, ರೇಡಿಯೊ ಕೋಣೆ ಬಂದವು. ಡೆಕ್ಕಿನ ತುಂಬಾ ದೋಣಿ. 1943ರ ನವೆಂಬರ್ 20ರಂದು ಸೇವೆಗೆ ಸೇರಿತು. ವಿಸ್ಕಾನ್ಸಿನ್ ರಾಜ್ಯದ ಒಂದು ಕೌಂಟಿಯ ಹೆಸರನ್ನು ಅದಕ್ಕೆ ಇಟ್ಟರು. ಉದ್ದ 492 ಅಡಿ, ವೇಗ 18 ನಾಟ್, ಅಂದರೆ ಗಂಟೆಗೆ ಸುಮಾರು 33 ಕಿಲೋಮೀಟರ್. ದೊಡ್ಡ ತೋಪು ಅಂದರೆ ಐದು ಇಂಚಿನವು ಎರಡು. ಮಿಕ್ಕಿದ್ದೆಲ್ಲ ವಿಮಾನಗಳಿಗೆ ಹೊಡೆಯುವ ಸಣ್ಣ ಬಂದೂಕು. 1,200ರಷ್ಟು ಸೈನಿಕರನ್ನು ಹೊರುತ್ತಿತ್ತು.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿರುವುದಿಲ್ಲ. ಯುದ್ಧದ ಉದ್ದಕ್ಕೂ ಈ ಹಡಗನ್ನು ನಡೆಸಿದವರು ನೌಕಾಪಡೆಯವರಲ್ಲ, ಅಮೆರಿಕದ ಕರಾವಳಿ ಕಾವಲು ಪಡೆಯವರು. ಮೊದಲ ಕ್ಯಾಪ್ಟನ್ ಲಿಂಡನ್ ಸ್ಪೆನ್ಸರ್ ಕೂಡ ಅದೇ ಪಡೆಯವರು. ಇದಕ್ಕೆ ಕಾರಣವಿತ್ತು. ದಡದ ಹತ್ತಿರ ಒಡೆಯುವ ತೆರೆಗಳಲ್ಲಿ ಸಣ್ಣ ದೋಣಿ ನಡೆಸುವುದು ಬೇರೆಯೇ ವಿದ್ಯೆ. ಮುಳುಗುವ ಹಡಗುಗಳಿಂದ ಜನರನ್ನು ಕಾಪಾಡುತ್ತಾ ಬಂದ ಕರಾವಳಿ ಪಡೆಗೆ ಅದು ಹಳೆಯ ಕಸುಬು. ನಮ್ಮ ಕರಾವಳಿಯಲ್ಲಿ ದೋಣಿ ನಡೆಸುವವರನ್ನು ಕೇಳಿ ನೋಡಿ, ಆಳ ಸಮುದ್ರಕ್ಕಿಂತ ಅಳಿವೆ ದಾಟುವಾಗಲೇ ಜಾಸ್ತಿ ಹುಷಾರಾಗಿರಬೇಕು ಅಂತಾರೆ.

ಇನ್ನು ದೋಣಿಗಳ ವಿಚಾರ. ನೀವು ಫೋಟೊದಲ್ಲಿ ನೋಡಿದ್ದು ಎಲ್‌ಸಿವಿಪಿ. ನ್ಯೂ ಆರ್ಲಿಯನ್ಸ್‌ನ ಆಂಡ್ರೂ ಹಿಗಿನ್ಸ್ ಎಂಬ ದೋಣಿ ತಯಾರಕರ ವಿನ್ಯಾಸ, ಹಾಗಾಗಿ ಹಿಗಿನ್ಸ್ ದೋಣಿ ಅಂತಲೇ ಹೆಸರಾಯಿತು. 36 ಅಡಿ ಉದ್ದ, 36 ಸೈನಿಕರು ಹಿಡಿಯುತ್ತಾರೆ. ಮೈ ಬಹುಪಾಲು ಪ್ಲೈವುಡ್, ಮುಂದಿನ ಹಲಗೆ ಮಾತ್ರ ಉಕ್ಕು. ಟ್ಯಾಂಕ್, ಲಾರಿ ಸಾಗಿಸಲು ಇನ್ನೂ ದೊಡ್ಡದಾದ ಎಲ್‌ಸಿಎಂ ಎಂಬ ಉಕ್ಕಿನ ದೋಣಿಗಳೂ ಇದ್ದವು.

ಹಡಗಿಗೆ ಸಾಮಾನು ತುಂಬುವುದರಲ್ಲೂ ಲೆಕ್ಕ ಇತ್ತು. ವ್ಯಾಪಾರದ ಹಡಗಾದರೆ ಒಂದಿಂಚೂ ಖಾಲಿ ಬಿಡದೆ ತುಂಬುತ್ತಾರೆ. ಇಲ್ಲಿ ಹಾಗಲ್ಲ. ದಡದಲ್ಲಿ ಮೊದಲು ಬೇಕಾಗುವುದು ಕೊನೆಗೆ ಒಳಗೆ ಹೋಗಬೇಕು. ಮದುವೆ ಅಡುಗೆಯ ಸಾಮಾನು ಲಾರಿಗೆ ಹಾಕುವಾಗ ಒಲೆ, ಹಂಡೆಯನ್ನು ಕೊನೆಗೆ ಇಡುತ್ತಾರಲ್ಲ, ಅದೇ ಲೆಕ್ಕ. ಗುಂಡು, ನೀರು, ಔಷಧಿ, ರೇಡಿಯೊ ಬಾಗಿಲ ಹತ್ತಿರ. ಡೇರೆ, ಕಚೇರಿಯ ಪೆಟ್ಟಿಗೆ ತಳದಲ್ಲಿ. ಈ ಕ್ರಮದಲ್ಲಿ ತುಂಬಿದರೆ ಜಾಗ ಬಹಳ ಪೋಲಾಗುತ್ತದೆ, ಅದು ಗೊತ್ತಿದ್ದೇ ಹಾಗೆ ಮಾಡುತ್ತಿದ್ದರು.

ಸೈನಿಕರು ದೋಣಿಗೆ ಇಳಿಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹಡಗಿನ ಬದಿಗೆ ದಪ್ಪ ಹಗ್ಗದ ಬಲೆ ಇಳಿಬಿಟ್ಟಿರುತ್ತಾರೆ. ಒಂದೇ ಬಲೆಯಲ್ಲಿ ಮೂರು ನಾಲ್ಕು ಜನ ಅಕ್ಕಪಕ್ಕದಲ್ಲಿ ಇಳಿಯುತ್ತಾರೆ. ಅವರ ತಲೆಯ ಮೇಲೆ ಇನ್ನೊಂದು ಸಾಲು. ಕೈ ಹಿಡಿಯಬೇಕಾದ್ದು ಮೇಲಿಂದ ಕೆಳಗೆ ಹೋಗುವ ಹಗ್ಗವನ್ನು. ಅಡ್ಡ ಹಗ್ಗ ಹಿಡಿದರೆ ಮೇಲಿನವನ ಬೂಟು ಬೆರಳಿನ ಮೇಲೆ. ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿರಬೇಕು. ಬೆನ್ನಿನ ಹೊರೆಯ ಪಟ್ಟಿಯೂ ಸಡಿಲ ಇರಬೇಕು, ನೀರಿಗೆ ಬಿದ್ದರೆ ತಕ್ಷಣ ಕಳಚುವಂತೆ. ಕೆಳಗೆ ದೋಣಿ ತೆರೆಯ ಜೊತೆ ಆಳೆತ್ತರ ಏರಿ ಇಳಿಯುತ್ತಿರುತ್ತದೆ. ದೋಣಿ ಮೇಲೆ ಬಂದ ಕ್ಷಣದಲ್ಲೇ ಬಲೆ ಬಿಡಬೇಕು. ಒಂದು ಕ್ಷಣ ತಡವಾದರೆ ಕಾಲು ಮುರಿಯುತ್ತದೆ, ಇಲ್ಲವೇ ದೋಣಿಗೂ ಹಡಗಿಗೂ ನಡುವೆ ಸಿಕ್ಕಿಕೊಳ್ಳಬೇಕಾಗುತ್ತದೆ. ಇದೆಲ್ಲ ಕತ್ತಲಲ್ಲಿ. ತುಂಬಿದ ದೋಣಿ ನೇರ ದಡಕ್ಕೂ ಹೋಗುವುದಿಲ್ಲ. ಉಳಿದವು ತುಂಬುವ ತನಕ ಸುತ್ತು ಹಾಕುತ್ತಾ ಕಾಯಬೇಕು. ಡೀಸೆಲ್ ಹೊಗೆ, ಉಪ್ಪು ನೀರು, ವಾಂತಿ. ದಡ ಮುಟ್ಟುವ ಹೊತ್ತಿಗೆ ಎಷ್ಟೋ ಹುಡುಗರು ಅರ್ಧ ಸುಸ್ತಾಗಿರುತ್ತಿದ್ದರು.

1944ರ ಫೆಬ್ರುವರಿಯಲ್ಲಿ ಬೇಫೀಲ್ಡ್ ಸೈನಿಕರನ್ನು ಹೊತ್ತು ನ್ಯೂಯಾರ್ಕಿನಿಂದ ಸ್ಕಾಟ್ಲೆಂಡಿನ ಗ್ಲಾಸ್ಗೊಗೆ ಬಂತು. ಮಾರ್ಚ್ ಕೊನೆಗೆ ರಿಯರ್ ಅಡ್ಮಿರಲ್ ಡಾನ್ ಮೂನ್ ಅವರ ಮುಖ್ಯ ಹಡಗಾಯಿತು. ನಾರ್ಮಂಡಿಯ ಯೂಟಾ ದಂಡೆಗೆ ಹೋಗಬೇಕಿದ್ದ ಪಡೆಗೆ ಅವರೇ ಮುಖ್ಯಸ್ಥರು. ತಾಲೀಮಿಗೆ ಇಂಗ್ಲೆಂಡಿನ ದಕ್ಷಿಣದ ಸ್ಲ್ಯಾಪ್ಟನ್ ಸ್ಯಾಂಡ್ಸ್ ದಂಡೆಯನ್ನು ಆರಿಸಿದ್ದರು. ಏಪ್ರಿಲ್ 28ರ ಕತ್ತಲಲ್ಲಿ, ತಾಲೀಮಿಗೆ ಬರುತ್ತಿದ್ದ, ಟ್ಯಾಂಕ್ ಇಳಿಸುವ ಎಲ್‌ಎಸ್‌ಟಿ ಹಡಗುಗಳ ಸಾಲಿನೊಳಗೆ ಜರ್ಮನರ ವೇಗದ ಟಾರ್ಪಿಡೊ ದೋಣಿಗಳು ನುಗ್ಗಿದವು. ಕಾವಲಿಗೆ ಇರಬೇಕಿದ್ದ ಒಂದು ಬ್ರಿಟಿಷ್ ಹಡಗು ಡಿಕ್ಕಿಯಾಗಿ ರಿಪೇರಿಗೆ ಹೋಗಿತ್ತು. ರೇಡಿಯೊ ತರಂಗದ ಸಂಖ್ಯೆಯೂ ಹೊಂದಿಕೆಯಾಗಿರಲಿಲ್ಲ. ಎರಡು ಹಡಗು ಮುಳುಗಿದವು, ಒಂದು ಜಖಂ ಆಯಿತು. 700ಕ್ಕೂ ಹೆಚ್ಚು ಜನ ಸತ್ತರು. ಜೀವರಕ್ಷಕ ಪಟ್ಟಿಯನ್ನು ಕಂಕುಳಿಗೆ ಕಟ್ಟುವ ಬದಲು ಸೊಂಟಕ್ಕೆ ಕಟ್ಟಿಕೊಂಡಿದ್ದ ಕೆಲವರು ಬೆನ್ನಿನ ಭಾರಕ್ಕೆ ತಲೆಕೆಳಗಾಗಿ ಮುಳುಗಿದರು. ಈ ಸಾವುಗಳನ್ನು ಆಗ ಗುಟ್ಟಾಗಿ ಇಟ್ಟರು. ಮೂನ್ ಅವರ ಮನಸ್ಸಿನ ಮೇಲೆ ಇದು ದೊಡ್ಡ ಹೊರೆಯಾಗಿ ಕೂತಿತು.

ಜೂನ್ 6ರ ನಸುಕು ಸುಮಾರು ಎರಡೂವರೆಗೆ ಬೇಫೀಲ್ಡ್ ಯೂಟಾ ಎದುರು ಲಂಗರು ಹಾಕಿತು. ನಾಲ್ಕನೇ ಡಿವಿಷನ್ನಿನ ಎಂಟನೇ ಪದಾತಿ ರೆಜಿಮೆಂಟಿನ ಸೈನಿಕರು ಅದರಲ್ಲಿದ್ದರು. ಸೇನೆಯ ಕಡೆಯಿಂದ, ಹಲವು ಡಿವಿಷನ್ ಸೇರಿದ ಏಳನೇ ಕೋರ್‌ನ ಮುಖ್ಯಸ್ಥ ಜನರಲ್ ಕಾಲಿನ್ಸ್ ಕೂಡ ಅಲ್ಲೇ ಇದ್ದರು. ಆರೂವರೆಗೆ ಮೊದಲ ಸಾಲು ದಡ ಮುಟ್ಟಿತು. ಆದರೆ ಅಂದುಕೊಂಡ ಜಾಗಕ್ಕಿಂತ ಸುಮಾರು 1.8 ಕಿಲೋಮೀಟರ್ ದಕ್ಷಿಣಕ್ಕೆ. ದಾರಿ ತೋರಿಸಬೇಕಿದ್ದ ಒಂದು ಹಡಗು ಮುಳುಗಿತ್ತು, ಪ್ರವಾಹ ದಕ್ಷಿಣಕ್ಕೆ ಎಳೆಯುತ್ತಿತ್ತು, ಬಾಂಬಿನ ಹೊಗೆಯಲ್ಲಿ ದಡದ ಗುರುತು ಕಾಣುತ್ತಿರಲಿಲ್ಲ. ತಪ್ಪಿ ಇಳಿದ ಆ ಜಾಗದಲ್ಲಿ ಕಾವಲು ಕಡಿಮೆ ಇತ್ತು. ಮೊದಲ ಸಾಲಿನ ಜೊತೆ ದಡಕ್ಕಿಳಿದಿದ್ದ ಬ್ರಿಗೇಡಿಯರ್ ಜನರಲ್ ಥಿಯೋಡರ್ ರೂಸ್ವೆಲ್ಟ್ ಜೂನಿಯರ್ ಅಲ್ಲಿಂದಲೇ ಮುಂದುವರಿಯಲು ತೀರ್ಮಾನಿಸಿದರು. ಹಿಂದಿನ ದೋಣಿಗಳೂ ಅಲ್ಲಿಗೇ ಬಂದವು. ಆ ದಿನ ಯೂಟಾದಲ್ಲಿ ಸುಮಾರು 21,000 ಜನ ಇಳಿದರು. ಸತ್ತವರು, ಗಾಯಗೊಂಡವರು ಸೇರಿ 200ಕ್ಕಿಂತ ಕಡಿಮೆ. ತಾಲೀಮಿನಲ್ಲಿ ಸತ್ತವರ ಸಂಖ್ಯೆಯ ಪಕ್ಕ ಇದನ್ನಿಟ್ಟು ನೋಡಿ.

ನೀರಿನಲ್ಲಿ ಮಾತ್ರ, ಹಡಗು ಹತ್ತಿರ ಬಂದರೆ ಸಿಡಿಯುವ ಮೈನುಗಳ ಕಾಟ ನಿಲ್ಲಲಿಲ್ಲ. ಹಡಗುಗಳು ಮುಳುಗುತ್ತಿರುವುದನ್ನು ನೋಡಿ ಮೂನ್ ಅವರು ರಾತ್ರಿ ಇಳಿಸುವ ಕೆಲಸ ನಿಲ್ಲಿಸೋಣ ಅಂದರು. ಕಾಲಿನ್ಸ್ ಒಪ್ಪಲಿಲ್ಲ, ಮನವೊಲಿಸಿದರು. ದಡದಲ್ಲಿದ್ದವರಿಗೆ ಗುಂಡು, ಜನ ಹೋಗುತ್ತಲೇ ಇರಬೇಕಿತ್ತು.

ಇಳಿಸಿದ ಮೇಲೆ ಕೆಲಸ ಮುಗಿಯಿತಾ ಎಂದು ಕೇಳಿದ್ದಿರಿ. ಇಲ್ಲ. ಬೇಫೀಲ್ಡ್ ಜೂನ್ 25ರ ತನಕ ಅಲ್ಲೇ ನಿಂತಿತು. ಅಪ್ಪಣೆ ಹೊರಡುವ ಕಚೇರಿ, ಉಗ್ರಾಣ, ಆಸ್ಪತ್ರೆ, ಮೂರೂ ಅದೇ. ಬೆಳಿಗ್ಗೆ ಸೈನಿಕರನ್ನು ಒಯ್ದ ಅದೇ ದೋಣಿ ವಾಪಸ್ ಬರುವಾಗ ಗಾಯಾಳುಗಳನ್ನು ತರುತ್ತಿತ್ತು. ರಾತ್ರಿ ಜರ್ಮನ್ ವಿಮಾನ ಬಂದಾಗ ಹೊಗೆ ಬಿಟ್ಟು ಸುತ್ತಲಿನ ಹಡಗುಗಳನ್ನು ಮರೆಮಾಡುತ್ತಿತ್ತು. ನಾರ್ಮಂಡಿಯಲ್ಲಿ ಈ ಹಡಗಿನ ಜೊತೆಗಿದ್ದ ರಾಕೆಟ್ ದೋಣಿಯೊಂದರಲ್ಲಿ 19 ವರ್ಷದ ಹುಡುಗನೊಬ್ಬನಿದ್ದ, ಯೋಗಿ ಬೆರಾ. ಮುಂದೆ ನ್ಯೂಯಾರ್ಕ್ ಯಾಂಕೀಸ್ ತಂಡದ ದೊಡ್ಡ ಬೇಸ್‌ಬಾಲ್ ಆಟಗಾರರಾದರು. ಅಮೆರಿಕದಲ್ಲಿರುವ ನಮ್ಮವರಿಗೆ ಈ ಹೆಸರು ಚೆನ್ನಾಗಿ ಗೊತ್ತಿರುತ್ತದೆ.

ಜುಲೈನಲ್ಲಿ ಹಡಗು ಮೆಡಿಟರೇನಿಯನ್‌ಗೆ ಹೊರಟಿತು. ಫ್ರಾನ್ಸಿನ ದಕ್ಷಿಣ ಕರಾವಳಿಯ ಮೇಲೆ ಆಗಸ್ಟ್ 15ಕ್ಕೆ ದಾಳಿ ಎಂದು ನಿಗದಿಯಾಗಿತ್ತು. ಮೂನ್ ಅವರಿಗೆ ವಿಶ್ರಾಂತಿ ಸಿಗಲೇ ಇಲ್ಲ. ಇನ್ನೂ ತಯಾರಿ ಸಾಲದು, ದಿನ ಮುಂದೂಡಿ ಎಂದು ಮೇಲಧಿಕಾರಿ ವೈಸ್ ಅಡ್ಮಿರಲ್ ಹ್ಯೂಯಿಟ್ ಅವರನ್ನು ಕೇಳಿಕೊಂಡರು. ತಾಲೀಮು ನೋಡಿ ಯೋಚಿಸೋಣ ಎಂಬ ಉತ್ತರ ಬಂತು. ಮರುದಿನ, ಆಗಸ್ಟ್ 5ರಂದು, ನೇಪಲ್ಸ್‌ನಲ್ಲಿ ನಿಂತಿದ್ದ ಬೇಫೀಲ್ಡ್‌ನ ತಮ್ಮ ಕೋಣೆಯಲ್ಲಿ ಅವರು ತಾವೇ ಪ್ರಾಣ ಕಳೆದುಕೊಂಡರು. ವಯಸ್ಸು 50. ಯುದ್ಧದ ಬಳಲಿಕೆಯೇ ಕಾರಣ ಎಂದು ನೌಕಾಪಡೆ ದಾಖಲಿಸಿತು. ನನ್ನ ಮಟ್ಟಿಗೆ ಇದು ಯುದ್ಧದಲ್ಲಿ ಆದ ಸಾವೇ. ಕೆಲವು ಬರಹಗಳಲ್ಲಿ ಅವರನ್ನು ದುರ್ಬಲ ಮನಸ್ಸಿನವರು ಎಂಬಂತೆ ಚಿತ್ರಿಸುವುದನ್ನು ನೋಡಿದಾಗ ನೋವಾಗುತ್ತದೆ. ತಿಂಗಳುಗಟ್ಟಲೆ ಸಾವಿರಾರು ಜೀವಗಳ ಲೆಕ್ಕ ತಲೆಯಲ್ಲಿಟ್ಟುಕೊಂಡು ದುಡಿದ ಮನುಷ್ಯ ಅವರು.

ಅವರ ಜಾಗಕ್ಕೆ ಬಂದವರು ರಿಯರ್ ಅಡ್ಮಿರಲ್ ಸ್ಪೆನ್ಸರ್ ಲೂಯಿಸ್. ದಾಳಿಗೆ ಉಳಿದಿದ್ದು ಹತ್ತು ದಿನವೂ ಇಲ್ಲ. ನಾನು ಹೇಳಿದ ಆ ಮಧ್ಯಾಹ್ನ ಬಂದದ್ದು ಇವರಿಗೆ.

ಆಗಸ್ಟ್ 15ರ ಬೆಳಿಗ್ಗೆ 36ನೇ ಡಿವಿಷನ್ನಿನ ಸೈನಿಕರು ಸೇಂಟ್ ರಫಾಯೆಲ್ ಊರಿನ ಪೂರ್ವಕ್ಕೆ, ಲ ದ್ರಮಾಂ ಎಂಬಲ್ಲಿನ ಪುಟ್ಟ ದಂಡೆಯಲ್ಲಿ ಇಳಿದರು. ಅದು ಸಲೀಸಾಗಿ ಆಯಿತು. ನಿಜವಾಗಿ ಬೇಕಿದ್ದ ದಂಡೆ ಪಶ್ಚಿಮದ ಫ್ರೇಜುಸ್ ಕೊಲ್ಲಿಯ ಒಳತುದಿಯಲ್ಲಿತ್ತು. ಅಗಲವಾದ ಒಳ್ಳೆಯ ಮರಳು, ಹತ್ತಿರದಲ್ಲೇ ವಿಮಾನ ಇಳಿಯುವ ಬಯಲು. ಇದು ಜರ್ಮನರಿಗೂ ಗೊತ್ತಿತ್ತು. ಅಲ್ಲಿ ಮಧ್ಯಾಹ್ನ ಎರಡಕ್ಕೆ ಇಡೀ ಒಂದು ರೆಜಿಮೆಂಟ್ ಇಳಿಯಬೇಕು. ಬೆಳಿಗ್ಗೆ ಮೈನು ತೆಗೆಯಲು ಹೋದ ಹಡಗುಗಳನ್ನು ದಡದ ತೋಪುಗಳು ಅಟ್ಟಿದವು. ಬಾಂಬರ್ ವಿಮಾನಗಳು ಬಂದು ಸುರಿದವು. ಯುದ್ಧನೌಕೆಗಳು ಹೊಡೆದವು. ನೀರಿನ ಅಡೆತಡೆಗಳನ್ನು ಸಿಡಿಸಲು ರೇಡಿಯೊದಿಂದ ನಡೆಸುವ ಆಳಿಲ್ಲದ ದೋಣಿಗಳನ್ನು ಬಿಟ್ಟರು. ಕೆಲವು ಸಿಡಿದವು, ಕೆಲವು ಹಿಡಿತ ತಪ್ಪಿ ಎಲ್ಲೆಲ್ಲೋ ಓಡಿದವು. ದಡದ ತೋಪು ಮಾತ್ರ ನಿಲ್ಲಲಿಲ್ಲ.

ಗಂಟೆ ಎರಡಾಯಿತು. ಸೈನಿಕರು ದೋಣಿಗಳಲ್ಲಿ ಕೂತು ದಡದ ಕಡೆ ಹೊರಟಿದ್ದರು. ಅವರ ಜನರಲ್ ಡಾಲ್ಕ್ವಿಸ್ಟ್ ಆಗಲೇ ದಡದಲ್ಲಿದ್ದರು, ರೇಡಿಯೊದಲ್ಲಿ ಸಿಗುತ್ತಿಲ್ಲ. ಕೇಳಲು ಯಾರೂ ಇಲ್ಲ. ಲೂಯಿಸ್ ಅವರು ಬೇಫೀಲ್ಡ್‌ನಿಂದ ಅಪ್ಪಣೆ ಕಳಿಸಿದರು: ಫ್ರೇಜುಸ್ ಬೇಡ, ಎಲ್ಲರೂ ಲ ದ್ರಮಾಂ ಕಡೆ ತಿರುಗಿ. ಬೆಳಿಗ್ಗೆಯೇ ಗೆದ್ದಿದ್ದ ಆ ದಂಡೆಯಲ್ಲಿ ಇಡೀ ರೆಜಿಮೆಂಟ್ ಯಾವ ವಿರೋಧವೂ ಇಲ್ಲದೆ ಇಳಿಯಿತು.

ಕೋರ್ ಮುಖ್ಯಸ್ಥ ಜನರಲ್ ಟ್ರಸ್ಕಾಟ್ ಕೆಂಡವಾದರು. ಫ್ರೇಜುಸ್ ವಿಮಾನ ಬಯಲು ಒಂದು ದಿನ ತಡವಾಗಿ ಕೈಗೆ ಬಂತು ಅನ್ನುವುದು ಅವರ ತಕರಾರು. ಆ ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಯಾರ ಸೈನಿಕರ ಪ್ರಶ್ನೆಯೋ ಆ ಡಾಲ್ಕ್ವಿಸ್ಟ್ ಲೂಯಿಸ್ ಅವರಿಗೆ ಕೃತಜ್ಞತೆ ತಿಳಿಸಿದರು. ಹ್ಯೂಯಿಟ್ ಕೂಡ ಲೂಯಿಸ್ ಪರ ನಿಂತರು. ನನ್ನ ಓಟು ಲೂಯಿಸ್‌ಗೇ. ಬರೆದಿಟ್ಟ ಯೋಜನೆಯ ಪ್ರಕಾರ ನೂರಾರು ಜನರನ್ನು ಮೈನುಗಳ ಮೇಲೆ ಹೊಡೆದಟ್ಟುವುದು ಆ ಹೊತ್ತಿಗೆ ಸುಲಭದ ದಾರಿಯಾಗಿತ್ತು, ಯಾರೂ ಅವರನ್ನು ದೂರುತ್ತಿರಲಿಲ್ಲ. ಇಂಥ ಹಡಗಿನ ಆಯುಧ ತೋಪಲ್ಲ, ದೋಣಿ. ಅದನ್ನು ಯಾವಾಗ ಬಿಡಬೇಕು, ಯಾವಾಗ ತಿರುಗಿಸಬೇಕು ಎಂಬ ತಿಳಿವಳಿಕೆಯೇ ಅದರ ಶಕ್ತಿ. ಮರುದಿನ ಫ್ರೇಜುಸ್ ಅನ್ನು ಭೂಮಿಯ ಕಡೆಯಿಂದ ಹೋಗಿ ಹಿಡಿದರು.

ಸೆಪ್ಟೆಂಬರ್ ಕೊನೆಗೆ ಬೇಫೀಲ್ಡ್ ಅಮೆರಿಕಕ್ಕೆ ಮರಳಿತು. ರಿಪೇರಿ ಮುಗಿಸಿ ಪೆಸಿಫಿಕ್‌ಗೆ ಹೊರಟಿತು. 1945ರ ಫೆಬ್ರುವರಿ 19ರಂದು ಜಪಾನಿನ ಇವೊ ಜಿಮಾ ದ್ವೀಪದ ಎದುರಿತ್ತು. ಅಲ್ಲಿನ ದಂಡೆ ಮಾಮೂಲಿ ಮರಳಿನದಲ್ಲ, ಜ್ವಾಲಾಮುಖಿಯ ಕಪ್ಪು ಬೂದಿ. ಕಾಲಿಟ್ಟರೆ ಹೂತುಹೋಗುತ್ತದೆ. ದಡ ಥಟ್ಟನೆ ಆಳಕ್ಕಿಳಿಯುವುದರಿಂದ ತೆರೆ ನೇರ ದಡದ ಮೇಲೇ ಒಡೆಯುತ್ತದೆ. ದೋಣಿ ಮೂತಿ ಊರಿ ನಿಂತಾಗ ಹಿಂಭಾಗ ಸ್ವಲ್ಪ ಓರೆಯಾದರೂ ಸಾಕು, ಮುಂದಿನ ತೆರೆ ಅದನ್ನು ಅಡ್ಡ ತಿರುಗಿಸಿ ನೀರು ತುಂಬಿಸಿಬಿಡುತ್ತದೆ. ಹಾಗೆ ಕೆಟ್ಟುನಿಂತ ದೋಣಿಗಳ ರಾಶಿಯಿಂದ ಹಿಂದಿನವಕ್ಕೆ ಜಾಗವೇ ಸಿಗದಂತಾಯಿತು. ಬೇಫೀಲ್ಡ್ ಮಾರ್ಚ್ ಮೊದಲ ದಿನದ ತನಕ ಅಲ್ಲಿದ್ದು, ಗಾಯಾಳುಗಳನ್ನು ತುಂಬಿಕೊಂಡು ಸೈಪನ್‌ಗೆ ಹೋಯಿತು.

ಜಪಾನಿನ ಇನ್ನೊಂದು ದ್ವೀಪ ಓಕಿನಾವಾದಲ್ಲಿ ಅದಕ್ಕೆ ಸಿಕ್ಕಿದ್ದು ವಿಚಿತ್ರವಾದ ಪಾಲು. ಏಪ್ರಿಲ್ 1ರಂದು ನಿಜವಾದ ದಾಳಿ ದ್ವೀಪದ ಪಶ್ಚಿಮ ದಂಡೆಯಲ್ಲಿ. ಬೇಫೀಲ್ಡ್ ಇದ್ದ ಗುಂಪಿನ ಕೆಲಸ ಆಗ್ನೇಯ ದಂಡೆಯ ಎದುರು ದಾಳಿಯ ನಾಟಕ ಆಡುವುದು. ಎರಡನೇ ಮರೀನ್ ಡಿವಿಷನ್ನಿನ ಸೈನಿಕರನ್ನು ದೋಣಿಗಳಲ್ಲಿ ಕೂರಿಸಿ ಸಾಲು ಸಾಲಾಗಿ ದಡದ ಕಡೆ ಓಡಿಸಿದರು. ಎಂಟೂವರೆಗೆ ಸರಿಯಾಗಿ ಎಲ್ಲ ದೋಣಿಗಳೂ ಹಿಂದಿರುಗಿದವು. ಮರುದಿನ ಇನ್ನೊಮ್ಮೆ ಅದೇ. ಆದರೆ ಮೊದಲ ದಿನದ ಬೆಳಿಗ್ಗೆ ಆತ್ಮಾಹುತಿ ವಿಮಾನಗಳು ಎರಗಿದ್ದು ಈ ನಾಟಕದ ಗುಂಪಿನ ಮೇಲೆ. ಹಿನ್ಸ್‌ಡೇಲ್ ಎಂಬ ಇನ್ನೊಂದು ಅಟ್ಯಾಕ್ ಟ್ರಾನ್ಸ್‌ಪೋರ್ಟ್ ಮತ್ತು ಎಲ್‌ಎಸ್‌ಟಿ-884 ಏಟು ತಿಂದವು. ದಡಕ್ಕೆ ಕಾಲಿಡದೆ ಜನ ಸತ್ತರು. ಪಶ್ಚಿಮದಲ್ಲಿ ನಿಜವಾಗಿ ಇಳಿದವರಿಗೆ ಆ ದಿನ ವಿರೋಧವೇ ಹೆಚ್ಚಿರಲಿಲ್ಲ.

ಯುದ್ಧ ಮುಗಿದ ಮೇಲಿನ ವರ್ಷಗಳನ್ನು ಬೇಗ ಹೇಳುತ್ತೇನೆ. ದೂರದ ದ್ವೀಪಗಳಿಂದ ಸೈನಿಕರನ್ನು ಮನೆಗೆ ತಲುಪಿಸುವ ಕೆಲಸವಿತ್ತು. 1946ರಲ್ಲಿ ಬಿಕಿನಿ ದ್ವೀಪದ ಅಣುಬಾಂಬ್ ಪರೀಕ್ಷೆಗೆ ನೆರವಾಗಿ ಹೋಯಿತು. ಅಲ್ಲಿ ಗುರಿಯಾಗಿ ನಿಲ್ಲಿಸಿದ ಹಡಗುಗಳಲ್ಲಿ ಇದೇ ಜಾತಿಯವೂ ಇದ್ದವು. ಜುಲೈ 1ರ ಮೊದಲ ಸ್ಫೋಟಕ್ಕೆ ಗಿಲಿಯಮ್ ಮತ್ತು ಕಾರ್ಲೈಲ್ ಎಂಬ ಎರಡು ಅಟ್ಯಾಕ್ ಟ್ರಾನ್ಸ್‌ಪೋರ್ಟ್‌ಗಳು ಮುಳುಗಿದವು. ಆಮೇಲೆ ಬೇಫೀಲ್ಡ್ ಕೊರಿಯಾ ಯುದ್ಧದಲ್ಲಿ ದುಡಿಯಿತು.

1954ರಲ್ಲಿ ಬಂದ ಕೆಲಸ ಮಾತ್ರ ಬೇರೆ ಥರದ್ದು. ಜಿನೀವಾ ಒಪ್ಪಂದದಿಂದ ವಿಯೆಟ್ನಾಮ್ ಎರಡಾಯಿತು. ಉತ್ತರದ ಹೈಫಾಂಗ್‌ನಿಂದ ದಕ್ಷಿಣದ ಸೈಗಾನ್‌ಗೆ ಹೋಗಬೇಕೆಂದ ಸುಮಾರು 3,10,000 ಜನರನ್ನು ಅಮೆರಿಕದ ಹಡಗುಗಳು ಸಾಗಿಸಿದವು. ಬೇಫೀಲ್ಡ್ ಅವುಗಳಲ್ಲಿ ಒಂದು. ಸೈನಿಕರು ಮಲಗುತ್ತಿದ್ದ ಜಾಗದಲ್ಲಿ ಅಜ್ಜಿಯರು, ಮಕ್ಕಳು, ಗಂಟುಮೂಟೆ. ಹನ್ನೊಂದು ವರ್ಷ ಬಿಟ್ಟು ಅದೇ ಹಡಗು ಅದೇ ದೇಶಕ್ಕೆ ಮರೀನ್ ಸೈನಿಕರನ್ನು ಹೊತ್ತು ಬಂತು. 1965ರ ಆಗಸ್ಟ್ 18ರಂದು ಚು ಲಾಯ್ ಹತ್ತಿರ ನಡೆದ ಆಪರೇಷನ್ ಸ್ಟಾರ್‌ಲೈಟ್‌ನಲ್ಲಿ ಕ್ಯಾಬಿಲ್ಡೊ, ವರ್ನನ್ ಕೌಂಟಿ ಹಡಗುಗಳ ಜೊತೆ ಬೇಫೀಲ್ಡ್ ಇತ್ತು. ಆ ಹೊತ್ತಿಗೆ ಹೆಲಿಕಾಪ್ಟರ್ ಬಂದಿತ್ತು. ಬಲೆ ಹಿಡಿದು ದೋಣಿಗೆ ಇಳಿಯುವ ಕಾಲ ಮುಗಿಯುತ್ತಾ ಬಂತು. 1968ರ ಜೂನ್‌ನಲ್ಲಿ ಬೇಫೀಲ್ಡ್ ನಿವೃತ್ತಿಯಾಯಿತು. 1969ರಲ್ಲಿ ಗುಜರಿಗೆ ಮಾರಿದರು. ಮ್ಯೂಸಿಯಂ ಮಾಡಿ ಉಳಿಸಿಕೊಳ್ಳಬೇಕಾದ ಹಡಗಾಗಿತ್ತು ಎಂಬುದು ನನ್ನ ಅನಿಸಿಕೆ. ಯುದ್ಧನೌಕೆಗಳನ್ನು ಉಳಿಸಿದಷ್ಟು ಆಸ್ಥೆಯಿಂದ ಜನ ಸಾಗಿಸಿದ ಹಡಗುಗಳನ್ನು ಯಾರೂ ಉಳಿಸಲಿಲ್ಲ.

ಕೊನೆಯ ಪ್ರಶ್ನೆ, ನಮ್ಮ ನೌಕಾಪಡೆಯಲ್ಲಿ ಇದೆಯಾ? ಇದೇ ಕೆಲಸ ಮಾಡುವ, ಮುಂದಿನ ತಲೆಮಾರಿನ ಹಡಗು ಇದೆ: ಐಎನ್ಎಸ್ ಜಲಾಶ್ವ. ಮೊದಲು ಅಮೆರಿಕದ ಯುಎಸ್ಎಸ್ ಟ್ರೆಂಟನ್ ಆಗಿತ್ತು, 2007ರಲ್ಲಿ ನಮ್ಮದಾಯಿತು, ನೆಲೆ ವಿಶಾಖಪಟ್ಟಣ. ಇದರಲ್ಲಿ ಬಲೆ ಹಿಡಿದು ಇಳಿಯುವ ಕಷ್ಟವಿಲ್ಲ. ಹಡಗಿನ ಹಿಂಭಾಗದಲ್ಲಿ ದೊಡ್ಡ ತೊಟ್ಟಿಯಂಥ ಜಾಗವಿದೆ. ಅದಕ್ಕೆ ಸಮುದ್ರದ ನೀರು ಬಿಟ್ಟರೆ ಒಳಗಿನ ದೋಣಿಗಳು ತೇಲುತ್ತವೆ. ಸೈನಿಕರು ಒಳಗೇ ನಡೆದು ಹೋಗಿ ಹತ್ತುತ್ತಾರೆ, ಲಾರಿಗಳೂ ಹತ್ತುತ್ತವೆ, ಹಿಂದಿನ ಬಾಗಿಲು ತೆರೆದರೆ ದೋಣಿ ನೇರ ಕಡಲಿಗೆ. ಮೇಲೆ ಹೆಲಿಕಾಪ್ಟರ್ ಇಳಿಯುವ ಡೆಕ್ ಇದೆ. ಕೊರೊನಾ ಸಮಯದಲ್ಲಿ, 2020ರ ಮೇ 10ರಂದು, ಮಾಲ್ಡೀವ್ಸ್‌ನಲ್ಲಿ ಸಿಕ್ಕಿಕೊಂಡಿದ್ದ 698 ಭಾರತೀಯರನ್ನು ಕೊಚ್ಚಿಗೆ ತಂದಿದ್ದು ಈ ಜಲಾಶ್ವವೇ.